ಗೇಣುದ್ದದ ಕೋವಿ

ನಾನು ಅಂಜುಬುರುಕ. ಇದನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳುವ ವಯಸ್ಸು ಬಂದಿದೆ. ಸಿಂಗಪುರಕ್ಕೆ ಬಂದು ಹದಿನಾಲ್ಕು ವರ್ಷವಾದರೂ ಎಂಆರ್‌ಟಿ ರೈಲಿನಲ್ಲಿ ಕೆಮ್ಮು ಬಂದರೆ ಒಂದು ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಳ್ಳುವ ಧೈರ್ಯ ನನಗಿಲ್ಲ. ತಿನ್ನಬಾರದು, ಕುಡಿಯಬಾರದು ಎಂಬ ಫಲಕದ ಎದುರು ಕೂತು ಪೆಪ್ಪರ್‌ಮಿಂಟು ತಿಂಡಿಯೋ ಔಷಧಿಯೋ ಎಂದು ಯಾರನ್ನು ಕೇಳುವುದು? ರಸ್ತೆ ಖಾಲಿ ಬಿದ್ದಿದ್ದರೂ ಹಸಿರು ದೀಪ ಬರುವವರೆಗೆ ದಾಟುವುದಿಲ್ಲ. ನೋಡಿದವರು ಇದನ್ನು ಶಿಸ್ತು ಎಂದು ತಿಳಿದು ಮೆಚ್ಚಿಕೊಂಡಿದ್ದಾರೆ. ಭಯಕ್ಕೆ ಚೆನ್ನಾಗಿ ಇಸ್ತ್ರಿ ಹಾಕಿದರೆ ಅದೇ ಶಿಸ್ತು.

ಇಂಥವನ ಸೂಟ್‌ಕೇಸಿನಿಂದ ಒಂದು ಭಾನುವಾರ ಮಧ್ಯಾಹ್ನ ಬಂದೂಕಿನ ನಳಿಗೆಯ ತುಂಡೊಂದು ಉರುಳಿ ಹಾಸಿಗೆಯ ಮೇಲೆ ಬಿತ್ತು.

ಅದು ಅಲ್ಲಿಗೆ ಬಂದ ಕತೆ ಹೇಳಬೇಕು. ನನ್ನ ಹೆಂಡತಿ ಸುಮಿತ್ರಾಳ ತಮ್ಮ ರಾಘು ಆಸ್ಟ್ರೇಲಿಯಾದ ಹಳ್ಳಿಗಾಡಿನಲ್ಲಿ ಪಶುವೈದ್ಯ. ಆಫೀಸಿನಿಂದ ಹತ್ತು ದಿನ ರಜೆ ಸಿಕ್ಕಿತೆಂದು ನಾನೊಬ್ಬನೇ ಅವನಲ್ಲಿಗೆ ಹೋಗಿದ್ದೆ. ಅಲ್ಲಿ ಮೊಲವೆಂದರೆ ಮುದ್ದಿನ ಪ್ರಾಣಿಯಲ್ಲ, ಪೀಡೆ. ಹುಲ್ಲುಗಾವಲಿನ ತುಂಬ ಬಿಲ ತೋಡುತ್ತವೆ, ಆ ಬಿಲದಲ್ಲಿ ಕಾಲಿಟ್ಟ ಹಸುವಿನ ಕಾಲು ಮುರಿಯುತ್ತದೆ. ಹತ್ತಿರ ಹೋದರೆ ಓಡಿಬಿಡುವುದರಿಂದ ದೂರದಿಂದಲೇ ಹೊಡೆಯಬೇಕು. ಅದಕ್ಕಾಗಿ ರಾಘು ಲೈಸೆನ್ಸ್ ಮಾಡಿಸಿಕೊಂಡು, ಅಂಗಡಿಯಲ್ಲಿದ್ದ ಅತಿ ಅಗ್ಗದ ರೈಫಲ್ ಒಂದನ್ನು ಕೊಂಡಿದ್ದ. ಒಂದೊಂದು ಗುಂಡಿಗೂ ಬಾಗಿಲಿನದರಂಥ ಒಂದು ಚಿಲಕವನ್ನು ಕೈಯಿಂದಲೇ ಎಳೆದು ತಳ್ಳಬೇಕಾದ ಬಗೆಯದು. ಹೊಡೆದು ಹೊಡೆದು ಅದರ ನಳಿಗೆ ಸವೆದು, ಮುನ್ನೂರು ಮೀಟರಿನಾಚೆ ಗುಂಡು ತನಗೆ ತೋಚಿದ ಕಡೆ ಹೋಗುತ್ತಿತ್ತು. ಹೊಸ ರೈಫಲ್ ಏಕೆ, ನಳಿಗೆ ಮಾತ್ರ ಬದಲಾಯಿಸಿದರಾಯಿತು ಎಂಬುದು ರಾಘುವಿನ ಲೆಕ್ಕ. ಕೊಡೆಯ ಬಟ್ಟೆ ಬದಲಿಸಿ ಕಡ್ಡಿ ಉಳಿಸಿಕೊಳ್ಳುವ ಮನೆತನ ಅವರದು.

ಶೆಡ್ಡಿನಲ್ಲಿ ರೈಫಲನ್ನು ಮೇಜಿಗೆ ಜೋಡಿಸಿದ ವೈಸಿನ ಕಬ್ಬಿಣದ ದವಡೆಗೆ ಸಿಕ್ಕಿಸಿ, ನಳಿಗೆಯ ಬುಡದ ನಟ್ಟಿಗೆ ಸ್ಪ್ಯಾನರ್ ಹಾಕಿ ಇಬ್ಬರೂ ಜೋತುಬಿದ್ದೆವು. ಕಾಲು ಗಂಟೆ ಜಗ್ಗಿದ ಮೇಲೆ ಅದು ಟಕ್ಕೆಂದು ಸಡಿಲಾಯಿತು. ಹೊಸ ನಳಿಗೆ ಹಳೆಯದಕ್ಕಿಂತ ದಪ್ಪ, ಉದ್ದ. ಅದನ್ನು ಎಷ್ಟು ಒಳಕ್ಕೆ ತಿರುಗಿಸಬೇಕೆಂಬುದೇ ಆ ಕೆಲಸದ ಪ್ರಾಣ. ನೋಡಲು ತೋಟಾದಂತಿರುವ ಎರಡು ಉಕ್ಕಿನ ಅಳತೆ ತುಂಡುಗಳಿರುತ್ತವೆ. ಒಂದನ್ನು ಒಳಗಿಟ್ಟರೆ ಚಿಲಕ ಮುಚ್ಚಲೇಬೇಕು, ಇನ್ನೊಂದನ್ನಿಟ್ಟರೆ ಮುಚ್ಚಲೇಬಾರದು.

"ಇದೊಂದು ಕರೆಕ್ಟ್ ಆಗಿದ್ರೆ ಸಾಕು ಭಾವ. ತಪ್ಪಾದ್ರೆ ಮುಖದ ಹತ್ರಾನೇ ಬ್ಲಾಸ್ಟ್ ಆಗತ್ತೆ," ಎಂದ ರಾಘು.

ನಾನು ಏಳು ಸಲ ಪರೀಕ್ಷೆ ಮಾಡಿಸಿದೆ. ಮೊದಲ ಗುಂಡಿಗೆ ರೈಫಲನ್ನು ಹಳೆಯ ಟೈರಿಗೆ ಬಿಗಿದು, ಅದರ ಕುದುರೆಗೆ, ಅಂದರೆ ಟ್ರಿಗರಿಗೆ, ಉದ್ದನೆಯ ದಾರ ಕಟ್ಟಿ, ಇಬ್ಬರೂ ಟ್ರಕ್ಕಿನ ಹಿಂದೆ ಅಡಗಿ ಕೂತೆವು. ಮೈಸೂರಿನಲ್ಲಿ ದಸರೆಯ ಕುಶಾಲತೋಪಿಗೆ ಆನೆಗಳನ್ನು ಮೊದಲೇ ತಾಲೀಮು ಮಾಡಿಸಿ ಸದ್ದಿಗೆ ಒಗ್ಗಿಸುತ್ತಾರೆ. ಅದೇ ಊರಿನಲ್ಲಿ ಬೆಳೆದ ನನಗೆ ಆ ಸೌಲಭ್ಯ ಯಾರೂ ಒದಗಿಸಿರಲಿಲ್ಲ. ಕಣ್ಣುಮುಚ್ಚಿ, ಕಿವಿಮುಚ್ಚಿ, ಇಷ್ಟದೇವರುಗಳು ಮುಗಿದು ಕಷ್ಟಕಾಲದ ದೇವರುಗಳಿಗೆ ಬಂದಿದ್ದೆ. ಅಷ್ಟರಲ್ಲಿ ಢಮ್ಮೆಂದು ಸದ್ದಾಯಿತು, ರಾಘು ಬೆನ್ನು ತಟ್ಟಿ, "ಆಯ್ತು ಭಾವ, ಏಳಿ," ಎಂದ. ರೈಫಲ್ ಸರಿಯಾಗಿಯೇ ಇತ್ತು. ನಾನು ಮಾತ್ರ ಇನ್ನೆರಡು ಗುಂಡು ಹಾರುವವರೆಗೂ ಟ್ರಕ್ಕಿನ ಹಿಂದೆಯೇ ಉಳಿದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡು ಬಂದಿದ್ದೆ. ಈಗ ಸಿಂಗಪುರದ ಬಿಶಾನ್‌ನಲ್ಲಿ, ಹನ್ನೊಂದನೆಯ ಮಹಡಿಯ ನಮ್ಮ ಮನೆಯಲ್ಲಿ, ಉಣ್ಣೆಯ ಕಾಲುಚೀಲದೊಳಗಿಂದ ಒಂದು ಗೇಣುದ್ದದ ಉಕ್ಕು ಹೊರಬಿದ್ದಿತ್ತು. ಒಳಗೆ ಇಣುಕಿದೆ. ಸುರುಳಿ ಸುತ್ತಿದ ಗೀರುಗಳು. ಸಂಶಯವೇ ಇಲ್ಲ. ಎರಡು ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಅದು ಹೇಗೆ ಯಾರ ಕಣ್ಣಿಗೂ ಬೀಳಲಿಲ್ಲವೋ! ರಾಘುವಿಗೆ ಫೋನ್ ಮಾಡಿದೆ.

"ಸಿಕ್ತಾ ಭಾವ? ಸರ್‌ಪ್ರೈಸ್! ನೀವೇ ಬಿಚ್ಚಿದ್ದಲ್ವಾ, ಮೆಮೊರಿಗೆ ಅಂತ ಹಳೇದ್ರಲ್ಲಿ ಒಂದು ಪೀಸ್ ಕಟ್ ಮಾಡಿ ಇಟ್ಟೆ. ಪೇಪರ್‌ವೇಟ್ ಮಾಡ್ಕೊಳ್ಳಿ."

"ಇದು ಸಿಂಗಪುರ ಕಣೋ, ರಾಘು!"

"ಅದು ಬರೀ ಪೈಪ್ ಅಲ್ವಾ ಭಾವ?"

ಬರೀ ಪೈಪೇ? ಬಂದೂಕಿನ ವಿಷಯದಲ್ಲಿ ಈ ದೇಶ ತಮಾಷೆ ಮಾಡುವುದಿಲ್ಲ. ಇಲ್ಲಿಯ ಕಾನೂನು ಜೈಲು, ಬೆತ್ತದೇಟು ದಾಟಿ ನೇಣಿನವರೆಗೂ ಹೋಗುತ್ತದೆ. ಹಿಡಿ, ಕುದುರೆ, ಚಿಲಕ ಯಾವುದೂ ಇಲ್ಲದ ಒಂದು ಗೇಣನ್ನು ಕೋವಿ ಎನ್ನಬೇಕೋ ಕಬ್ಬಿಣ ಎನ್ನಬೇಕೋ? ನಮ್ಮ ಹಳೆಯ ತಾರ್ಕಿಕರು ಇಂಥ ಪ್ರಶ್ನೆಯ ಮೇಲೆ ನಾಲ್ಕು ತಲೆಮಾರು ಜಗಳವಾಡುತ್ತಿದ್ದರು. ನನಗೆ ಅಷ್ಟು ಸಮಯವಿರಲಿಲ್ಲ.

"ಸುಮ್ನೆ ಚ್ಯೂಟ್‌ಗೆ ಹಾಕ್ಬಿಡಿ ಅತ್ಲಾಗೆ," ಎಂದಳು ಸುಮಿತ್ರಾ. ಕಸದ ಕೊಳವೆಯಲ್ಲಿ ಅದು ಹನ್ನೊಂದು ಮಹಡಿ ಠಣಠಣ ಎಂದು ಇಳಿಯುವ ಸದ್ದು ನನ್ನ ಕಿವಿಗೆ ಆಗಲೇ ಕೇಳಿಸಿತು. ಕೆಳಗೆ ಅದನ್ನು ಎತ್ತಿಕೊಳ್ಳುವ ಬಡಪಾಯಿ ಕಸದವನು ಸಿಕ್ಕಿಹಾಕಿಕೊಂಡರೆ? ಬೇಡ ಎಂದೆ.

ಮರುದಿನ ಬೆಳಿಗ್ಗೆ ಅದನ್ನು ಊಟದ ಚೀಲದಲ್ಲಿಟ್ಟುಕೊಂಡು ಪಾರ್ಕಿನ ಹೊಳೆಯ ಕಡೆ ನಡೆದೆ. ಯಾರೂ ಇಲ್ಲದ ಜಾಗ ನೋಡಿ ನೀರಿಗೆ ಬಿಡುವುದೆಂದು ಯೋಚನೆ. ಆದರೆ ಅಂದು ನೀರುನಾಯಿಗಳ ಸಂಸಾರವೊಂದು ಹೊಳೆಗೆ ಬಂದಿತ್ತು. ಇಪ್ಪತ್ತು ಮೂವತ್ತು ಜನ ಮೊಳದುದ್ದದ ಲೆನ್ಸುಗಳನ್ನು ನೀರಿಗೇ ಗುರಿಯಿಟ್ಟು ಸಾಲಾಗಿ ನಿಂತಿದ್ದರು. ನಾನು ಎಲ್ಲಿ ಹೋಗಿ ನಿಂತರೂ ನೀರುನಾಯಿಗಳು ಅಲ್ಲಿಗೇ ಬಂದವು. ಅವುಗಳ ಹಿಂದೆ ಕ್ಯಾಮೆರಾಗಳೂ ಬಂದವು. ಒಬ್ಬಾಕೆ ನಗುತ್ತಾ, "ಯು ಬ್ರಾಟ್ ಫಿಶ್ ಫಾರ್ ದೆಮ್, ಆ?" ಎಂದು ನನ್ನ ಚೀಲದ ಕಡೆ ಕೈ ತೋರಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಚೀಲವನ್ನು ಎದೆಗವಚಿಕೊಂಡು ಓಡಿದೆ.

ಹೆದರಿಕೆ ಒಂದು ಮಟ್ಟ ಮುಟ್ಟಿದ ಮೇಲೆ ಸತ್ಯ ಹೇಳುವುದೇ ಸುಲಭವೆನಿಸುತ್ತದೆ. ಸೀದಾ ಪೊಲೀಸ್ ಠಾಣೆಗೆ ಹೋದೆ. ಆದರೆ ಬಂದೂಕಿನ ಭಾಗವನ್ನು ಪೊಲೀಸರೆದುರು ಚೀಲದಿಂದ ಹೊರತೆಗೆಯುವ ಕ್ರಮ ಯಾವುದು? ತಿಳಿಯದೆ ಚೀಲವನ್ನು ಕೌಂಟರಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಮೇಲೆತ್ತಿದೆ. ಅತ್ತ ಕೂತಿದ್ದ ಅಧಿಕಾರಿಣಿ, ನನ್ನ ಮಗಳ ವಯಸ್ಸಿರಬಹುದು, ದಡಕ್ಕನೆ ಎದ್ದು ನಿಂತಳು. ಅವಳ ಮುಖವೂ ಬಿಳುಪೇರಿತು. ಚೀಲ ನಡುವೆ, ಇಬ್ಬರು ಹೆದರಿದವರು ಆಚೆ ಈಚೆ. ನಾನು ತಡಬಡಿಸಿಕೊಂಡು ಎಲ್ಲ ಹೇಳಿದೆ. ಮೊಲದಿಂದ ಶುರುಮಾಡಿದ್ದು ತಪ್ಪಾಯಿತು.

"ಅಂಕಲ್, ಅಂಕಲ್, ಸಿಟ್ ಡೌನ್ ಫಸ್ಟ್ ಲಾ," ಎಂದು ನೀರು ಕೊಟ್ಟಳು.

ಹಿರಿಯ ಅಧಿಕಾರಿಯೊಬ್ಬರು ಬಂದು ಎರಡು ಗಂಟೆ ಹೇಳಿಕೆ ಬರೆದುಕೊಂಡರು. ನಳಿಗೆ ಪರೀಕ್ಷೆಗೆ ಹೋಗುತ್ತದೆ, ಕರೆದಾಗ ಬನ್ನಿ, ಅಲ್ಲಿಯವರೆಗೆ ದೇಶ ಬಿಡಬೇಡಿ ಎಂದರು. ಆಮೇಲೆ ಒಂಬತ್ತು ದಿನ. ಲಿಫ್ಟಿನ ಬಾಗಿಲು ನಮ್ಮ ಮಹಡಿಯಲ್ಲಿ ತೆರೆದರೆ ಸೋಫಾದಲ್ಲಿ ಕೂತು ಹೆಜ್ಜೆಗಳನ್ನು ಎಣಿಸುತ್ತಿದ್ದೆ. ಸೊಳ್ಳೆ ಪರೀಕ್ಷಿಸಲು ಬಂದ ಸರ್ಕಾರಿ ನೌಕರನಿಗೆ ನನ್ನ ಪಾಸ್‌ಪೋರ್ಟ್ ತೋರಿಸಿದೆ. ಅವನು ಪಾಪ, ಹೂಕುಂಡದ ತಟ್ಟೆ ನೋಡಬೇಕಿತ್ತು. ಸುಮಿತ್ರಾ ಮಾತ್ರ ಏನೂ ಆಗಿಲ್ಲವೆಂಬಂತೆ ಅಡುಗೆ ಮಾಡಿಕೊಂಡಿದ್ದಳು. ಇವಳಿಗೆ ನನ್ನ ಚಿಂತೆಯೇ ಇಲ್ಲವೇ ಎಂದು ಒಳಗೊಳಗೇ ಮುನಿಸಿಕೊಂಡೆ.

ಹತ್ತನೆಯ ದಿನ ಕರೆ ಬಂತು. ಸುಮಿತ್ರಾ ತಾನೂ ಬಂದು ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗೆ ಹಿರಿಯ ಅಧಿಕಾರಿ, ಅದು ಕತ್ತರಿಸಿದ ಉಕ್ಕು, ಇನ್ನು ಕೋವಿಗೆ ಬಾರದು, ನೀವಾಗಿಯೇ ತಂದುಕೊಟ್ಟಿದ್ದೀರಿ, ಆದ್ದರಿಂದ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದೇವೆ ಎಂದರು. ಇನ್ನು ಮುಂದೆ ಸೂಟ್‌ಕೇಸನ್ನು ನೀವೇ ತುಂಬಿಕೊಳ್ಳಿ ಎಂದೂ ಸೇರಿಸಿದರು. ಅವರು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ, ತೋರಿಸದ ಒಂದು ಕಡೆಯೂ ಹಾಕಿದೆ.

ಹೊರಗೆ ಬಂದು ಸುಮಿತ್ರಾಳಿಗೆ ಹೇಳಿದೆ. ಅವಳು ಪಕ್ಕದಲ್ಲಿದ್ದ ಸಣ್ಣ ಬ್ಯಾಗಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. ಆ ಬ್ಯಾಗನ್ನು ನಾನು ಗಮನಿಸಿಯೇ ಇರಲಿಲ್ಲ.

"ಇದೇನೇ ಇದು?"

"ಒಳಗೇ ಇಟ್ಕೊಂಡ್ಬಿಟ್ರೆ ಅಂತ ಪ್ಯಾಕ್ ಮಾಡಿದ್ದೆ ರೀ."

ತೆರೆದು ನೋಡಿದೆ. ಎರಡು ಜೊತೆ ಬಟ್ಟೆ, ಹದಿನೈದು ದಿನಕ್ಕಾಗುವಷ್ಟು ಬಿಪಿ ಮಾತ್ರೆ, ಒಬ್ಬ ವಕೀಲರ ನಂಬರು ಬರೆದ ಚೀಟಿ, ಒಂದು ಡಬ್ಬಿ ಚಟ್ನಿಪುಡಿ.

"ಜೈಲಲ್ಲಿ ಚಟ್ನಿಪುಡಿ ಬಿಡ್ತಾರೇನೆ?"

"ಕೇಳಿ ನೋಡೋದು. ಬೇಡ ಅಂದ್ರೆ ವಾಪಸ್ ತರೋದು," ಎಂದು ಮೂಗೊರೆಸಿಕೊಂಡಳು.

ಒಂಬತ್ತು ದಿನ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಹೆದರಿಕೆ ಹೆದರಿದ್ದೆವು. ನನ್ನದು ಸೋಫಾದ ಮೇಲೆ ಕೂತು ಲಿಫ್ಟಿನ ಸದ್ದು ಆಲಿಸಿತು. ಅವಳದು ಎದ್ದು ಹೋಗಿ ಕೊಬ್ಬರಿ ತುರಿದು, ಮೆಣಸಿನಕಾಯಿ ಹುರಿದು, ಉಪ್ಪು ನೋಡಿ ಡಬ್ಬಿಗೆ ತುಂಬಿತ್ತು.