ನಿನ್ನೆ ಎಲ್ಲಿಗೆ ಹೋಗಿದ್ರಿ?

ಅಂಗಿಗಳ ಗುಂಡಿತೂತಿಗೆ ಕಾಜಾ ಹೊಲಿದೇ ಬದುಕು ಸವೆಸಿದವಳನ್ನು ಬೀದಿಯವರೆಲ್ಲ ಕಾಜಾದಮ್ಮ ಎಂದೇ ಕರೆಯುತ್ತಿದ್ದರು. ಅವಳ ಅಕ್ಕ ಇದ್ದದ್ದು ದೊಡ್ಡ ರಸ್ತೆಯ ಆಚೆ. ಕಿಟಕಿಯಲ್ಲಿ ನಿಂತರೆ ಅಕ್ಕನ ಮನೆಯ ಮೇಲಿನ ನೀರಿನ ಟ್ಯಾಂಕು ಕಾಣುತ್ತಿತ್ತು. ಮೊದಲು ನೇರ ಬಸ್ಸಿತ್ತು. ಹಾಲು ಉಕ್ಕುವಷ್ಟರಲ್ಲಿ ಹೋಗಿ ಮುಟ್ಟಬಹುದಿತ್ತು. ರಸ್ತೆ ಅಗಲವಾಯಿತು, ಬಸ್ಸು ನಿಂತಿತು. ಈಗ ಸುತ್ತುಬಳಸಿ ಎರಡು ಬಸ್ಸು, ಮೇಲೆ ಕಾಲುಸೇತುವೆಯ ಮೆಟ್ಟಿಲು. ಇಬ್ಬರ ಮಂಡಿಗಳೂ ಒಲ್ಲೆ ಎಂದವು. ಕಣ್ಣಿಗೆ ಕಂಡ ಅಕ್ಕ ಕಾಲಿಗೆ ದೂರವಾದಳು.

ಒಂದು ದಿನ ಬಸ್ಸಿನ ಕಚೇರಿಯಿಂದ ಹುಡುಗಿಯೊಬ್ಬಳು ಬಂದಳು. ಜನ ಹೇಗೆ ಓಡಾಡುತ್ತಾರೆಂದು ಮನೆಮನೆಯಲ್ಲೂ ವಿಚಾರಿಸುವುದು ಅವಳ ಕೆಲಸ.

"ಅಜ್ಜಿ, ನಿನ್ನೆ ಎಲ್ಲಿಗೆ ಹೋಗಿದ್ರಿ?"

"ಎಲ್ಲೂ ಇಲ್ಲಮ್ಮ. ಅಕ್ಕನ ಮನೆಗೆ ಹೋಗ್ಬೇಕು ಅಂತ ದಿನಾ ಅನ್ಸತ್ತೆ. ಅದನ್ನ ಬರ್ಕೋ."

"ಅನ್ಸಿದ್ದಕ್ಕೆ ಜಾಗ ಇಲ್ಲ ಅಜ್ಜಿ, ಹೋಗಿದ್ದಕ್ಕೆ ಮಾತ್ರ. ಓಡಾಡೋರಿದ್ರೆ ತಾನೆ ಬಸ್ಸು ಬಿಡೋದು?"

"ಬಸ್ಸಿಲ್ದೆ ಓಡಾಡೋದು ಹೇಗೆ? ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಹಾಗಾಯ್ತಲ್ಲೇ!"

ಹುಡುಗಿ ನಕ್ಕಳು. "ಬಾಗಿಲು ಹಾಕಿದ್ದ ಮನೆಗಳಿಗೆ ನಾಳಿದ್ದು ಬರ್ತೀನಿ. ನಿಮ್ಮನ್ನೂ ಇನ್ನೊಂದ್ಸಲ ಕೇಳ್ತೀನಿ ಬಿಡಿ" ಎಂದಳು.

ಕಾಜಾದಮ್ಮನಿಗೆ ಅಷ್ಟೇ ಸಾಕಾಯಿತು. ಮರುದಿನ ಅಂಗಿಗಳ ಗಂಟನ್ನು ಮೂಲೆಗೆ ಸರಿಸಿ ಹೊರಟಳು. ಸೇತುವೆಯ ಮೆಟ್ಟಿಲನ್ನು ಕೂತು ಕೂತು ಹತ್ತಿದಳು. ಅಕ್ಕನ ಬಾಗಿಲು ತಟ್ಟುವಾಗ ಉಸಿರು ಬಾಯಿಗೆ ಬಂದಿತ್ತು.

"ಏನೇ ಇದು! ಯಾರಿಗೇನಾಯ್ತೇ?"

"ಯಾರಿಗೂ ಏನೂ ಇಲ್ಲ. ಹೋಗಿದ್ದೆ ಅಂತ ಬರೆಸ್ಬೇಕಿತ್ತು, ಬಂದೆ. ಮೊದ್ಲು ನೀರು ಕೊಡು."

ವಿಷಯ ಕೇಳಿದ ಅಕ್ಕ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಪೆದ್ದಿ! ನಮ್ಮ ಬೀದಿಗೂ ಬಂದಿದ್ರು. ನಿನ್ನೆ ತಾನೆ ತಂಗಿ ಮನೆಗೆ ಹೋಗಿದ್ದೆ ಅಂದ್ಬಿಟ್ಟೆ!"

"ಸುಳ್ಳು ಹೇಳಿದ್ಯಾ ಅಕ್ಕಾ?"

"ಜೀವ ಅಲ್ಲೇ ಇತ್ತಲ್ಲೇ. ಕಾಲೊಂದು ಬರ್ಲಿಲ್ಲ, ಅಷ್ಟೇ."

ಇಬ್ಬರೂ ಆಮೇಲೆ ನಗಲಿಲ್ಲ. ಅಕ್ಕ ತಂಗಿಯ ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತಳು.

ಹೇಳಿದಂತೆಯೇ ಹುಡುಗಿ ಬಂದಳು. ಕಾಜಾದಮ್ಮ ಕಾಲು ಚಾಚಿ ಮಲಗಿದ್ದಲ್ಲಿಂದಲೇ, "ಅಕ್ಕನ ಮನೆಗೆ ಹೋಗಿದ್ದೆ" ಎಂದಳು.

"ಯಾಕೆ ಹೋಗಿದ್ರಿ? ಕೆಲಸಾನಾ, ಆಸ್ಪತ್ರೆನಾ, ಅಂಗಡಿನಾ?"

"ಹೋಗಿ ಬರೋಕೆ."

ಹುಡುಗಿ ಸ್ವಲ್ಪ ಯೋಚಿಸಿ, ಏನೋ ಬರೆದುಕೊಂಡು ಹೋದಳು.

ಬಸ್ಸು ಇನ್ನೂ ಬಂದಿಲ್ಲ. ಬೀದಿಯ ತಿರುವಿನಲ್ಲಿ ದೊಡ್ಡ ಗಾಡಿಯ ಸದ್ದಾದರೆ ಕಾಜಾದಮ್ಮನ ಸೂಜಿ ಅರ್ಧ ಕಾಜಾದಲ್ಲೇ ನಿಲ್ಲುತ್ತದೆ.