ಗಾಡಿಯ ಸಿಲಿಂಡರ್

ಅಂಕಲಿಯಲ್ಲಿ ನಮ್ಮ ಪಕ್ಕದ ಮನೆಯವನು ಆ್ಯಂಬುಲೆನ್ಸ್ ಡ್ರೈವರ್. ಮಿರಜದ ಡಾಕ್ಟರು ಇನ್ನು ಆಗುವುದಿಲ್ಲ ಎಂದವರನ್ನು, ಜೀವ ಮನೆಯಲ್ಲೇ ಹೋಗಲಿ ಎಂದು, ಆಕ್ಸಿಜನ್ ಹಚ್ಚಿಕೊಂಡೇ ಊರಿಗೆ ತರುವುದು ಅವನ ಕೆಲಸ.

ಫಜೀತಿ ಶುರುವಾಗುತ್ತಿದ್ದುದು ಮನೆಗೆ ಬಂದ ಮೇಲೆ. ಆಕ್ಸಿಜನ್ ತೆಗೆಯಿರಿ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಮಗ ಅಳಿಯನ ಮುಖ ನೋಡುವನು, ಅಳಿಯ ಗೋಡೆಯ ಕ್ಯಾಲೆಂಡರ್ ನೋಡುವನು. ಇವನು ಒಂದು ಕಪ್ ಚಹಾ ಕುಡಿದು, ಇನ್ನೊಂದು ಕೇಳಿ ಕುಡಿದು, ಮೀಸೆ ಒರೆಸಿಕೊಂಡು ಏಳುತ್ತಿದ್ದ.

“ಸಿಲಿಂಡರ್ ಗಾಡೀದ ಐತ್ರಿ. ಅಥಣಿಯೊಳಗ ಇನ್ನೊಬ್ಬ ಪೇಶಂಟ್ ಕಾಯಾಕತ್ತಾನ.”

ಆಗ ಮನೆಮಂದಿಯೆಲ್ಲ ಒಂದಾಗಿ ಅವನಿಗೆ ಬೈಯುತ್ತಿದ್ದರು: ಕಟುಕ, ಯಮನ ಅಳಿಯ. ಬೈಯುತ್ತಲೇ ದಾರಿ ಬಿಡುತ್ತಿದ್ದರು.

ನಮ್ಮ ಕಾಕಾನನ್ನು ತಂದಾಗ, ಸಾಲಿ ಮಾಸ್ತರನಾದ ನಾನೂ ಮನಸಾರೆ ಬೈದೆ. ಕಾಕಾನ ಜೀವ ಹೋಗಿ ಅರ್ಧ ತಾಸಿಗೆ ನಾನು ಹೊರಗೆ ಬಂದರೆ, ಅಥಣಿಗೆ ಹೋಗಬೇಕಾದ ಗಾಡಿ ಬೇವಿನ ಗಿಡದ ನೆರಳಲ್ಲೇ ಇತ್ತು. ಒಳಗೆ ಸ್ಟ್ರೆಚರಿನ ಮೇಲೆ ಅವನು ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿ ಕೇಳಿದೆ: “ಅಥಣಿ ಪೇಶಂಟ್ ಎಲ್ಲಿ?”

“ಯಾವ ಪೇಶಂಟ್ ಇಲ್ರಿ. ಮಂದಿಗೆ ಬೈಯಾಕ ಒಬ್ಬ ಬೇಕಲ್ರಿ ಮಾಸ್ತರ,” ಎಂದು ಮಗ್ಗುಲಾದ.

ಕೆಲವು ವರ್ಷಗಳ ಮೇಲೆ ಅದೇ ಗಾಡಿಯಲ್ಲಿ ಅವನ ತಾಯಿ ಬಂದಳು. “ನನ್ನ ಭಾಳ ದಿನ ಎಳೀಬ್ಯಾಡ,” ಎಂದು ಆಕೆ ಅವನಿಂದ ಮೊದಲೇ ಮಾತು ತೆಗೆದುಕೊಂಡಿದ್ದಳು. ಅವನ ಮುಂದೆ ಮೂರನೇ ಚಹಾ ಆರಿತು. ಅವನು ಏಳಲಿಲ್ಲ. ಕೊನೆಗೆ ನನ್ನ ಕೈ ಹಿಡಿದ.

“ಸಿಲಿಂಡರ್ ಗಾಡೀದ ಐತಿ ಅಂತ ನೀವರ ಅಂದ್ಬಿಡ್ರಿ ಮಾಸ್ತರ. ನಾ ನಿಮಗ ಬೈತೀನಿ.”