ಒದ್ದೆ ಬಟ್ಟೆಯ ಮೇಲೆ ಹೊರಿಸಿದ ತಪ್ಪು

ಅಟ್‌ಬಾಶಿ ಊರಿನಲ್ಲಿ ಜುಮಾದಿಲ್‌ನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತನ್ನು ಕೇಳಿದವರು ಒಬ್ಬರೂ ಇರಲಿಲ್ಲ. ಇದು ಹೊಗಳಿಕೆಯಲ್ಲ. ಅವನ ಕಾಯಿಲೆಯೇ ಅದು.

ಹದಿನೆಂಟನೆಯ ವಯಸ್ಸಿಗೆ ಊರಿನ ಬಾನುಲಿ ಕೇಂದ್ರ ಸೇರಿದವನು ಅವನು. ಕಂಬ ಹತ್ತುವುದು, ತಂತಿ ಎಳೆಯುವುದು, ಬೆಳಗ್ಗೆ ಆರಕ್ಕೆ ಬೀದಿಬೀದಿಯ ಧ್ವನಿವರ್ಧಕಗಳಿಗೆ ಜೀವ ಕೊಡುವುದು ಅವನ ಕೆಲಸ. ಸರ್ಕಾರ ಬದಲಾಯಿತು, ಕೇಂದ್ರಕ್ಕೆ ಬೀಗ ಬಿತ್ತು, ತಂತಿಯನ್ನು ಯಾರೋ ಕಿತ್ತು ಮಾರಿಕೊಂಡರು. ಆದರೆ ಜುಮಾದಿಲ್ ‘ಉಸ್ತಾ’ ಆಗಿಯೇ ಉಳಿದ. ಕೈಯಲ್ಲಿ ಕಸುಬಿರುವವನನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ಟೇಪ್‌ರೆಕಾರ್ಡರ್ ರಿಪೇರಿ ಮಾಡಿದ, ಟೀವಿ ಮಾಡಿದ, ಮನೆಮನೆಯ ಚಾವಣಿಯ ಮೇಲೆ ಡಿಶ್ ನಿಲ್ಲಿಸಿದ. ಐವತ್ತು ದಾಟಿದ ಮೇಲೆ ಕಂಪ್ಯೂಟರುಗಳು ಬಂದವು. ಅವುಗಳ ಮುಚ್ಚಳ ಬಿಚ್ಚಿ, ಧೂಳು ಊದಿ, ಮತ್ತೆ ಮುಚ್ಚುತ್ತಿದ್ದ. ಅರ್ಧಕ್ಕರ್ಧ ಅಷ್ಟಕ್ಕೇ ಸರಿಹೋಗುತ್ತಿದ್ದವು. ಸರಿಹೋಗದವುಗಳಿಗೆ “ಹಳೇದು, ಇದರ ಭಾಗ ಈಗ ಸಿಗಲ್ಲ” ಎನ್ನುತ್ತಿದ್ದ. ಉಸ್ತಾ ಹೇಳಿದ ಮೇಲೆ ಮುಗಿಯಿತು, ಯಾರೂ ಮರುಮಾತು ಆಡುತ್ತಿರಲಿಲ್ಲ.

ಅವನ ದೊಡ್ಡಪ್ಪನ ಮಗ ಕಾಸಿಮಾಲಿ ಊರಿನ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಮೂರು ತಂತಿಯ ಕೊಮುಜ್ ನುಡಿಸುವುದರಲ್ಲಿ ಆ ಕಣಿವೆಯಲ್ಲೇ ಅವನಂಥವನಿರಲಿಲ್ಲ. ಹೋದ ವರ್ಷ ಸುಗ್ಗಿಯ ಹೊತ್ತಿಗೆ ತೀರಿಕೊಂಡ. ರಾಜಧಾನಿ ಬಿಷ್ಕೆಕ್‌ನಲ್ಲಿರುವ ಅವನ ಮಗಳು ಅಪ್ಪನ ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಆ ಕಂಪ್ಯೂಟರನ್ನೇ ತಂದು ತಾಯಿಯ ಮನೆಯ ನಡುಕೋಣೆಯಲ್ಲಿ ಟೀವಿಯ ಪಕ್ಕ ಇಟ್ಟುಹೋಗಿದ್ದಳು. ಟೇಪುಗಳು ಸವೆದು ಹುಡಿಯಾಗಿದ್ದವು, ಬಿಸಾಡಿದ್ದಾಯಿತು. ಈಗ ಕಾಸಿಮಾಲಿಯ ದನಿ ಈ ಲೋಕದಲ್ಲಿದ್ದದ್ದು ಆ ಒಂದು ಪೆಟ್ಟಿಗೆಯೊಳಗೆ ಮಾತ್ರ.

ಅವನ ಹೆಂಡತಿ ಬುರುಲ್ಚಾಗೆ ಇದ್ದ ಆಸೆ ಒಂದೇ. ಬರುವ ಭಾನುವಾರ ಅವನು ತೀರಿಕೊಂಡ ವರ್ಷದ ಊಟ. ಮೌಲ್ವಿ ಪ್ರಾರ್ಥನೆ ಮುಗಿಸಿ ಎದ್ದುಹೋದ ಮೇಲೆ, ಕೂತವರೆಲ್ಲ ಟೀವಿಯ ದೊಡ್ಡ ಸ್ಪೀಕರಿನಲ್ಲಿ ಗಂಡನ ಕೊಮುಜ್ ಕೇಳಬೇಕು. ಆದರೆ ಕಂಪ್ಯೂಟರಿನಲ್ಲಿದ್ದ ಪ್ಲೇಯರ್ ಅರ್ಧ ಹಾಡುಗಳನ್ನು ತೆರೆಯುತ್ತಲೇ ಇರಲಿಲ್ಲ. ಬೇರೆಯದನ್ನು ಹಾಕಬೇಕೆಂದು ಮಗಳು ಫೋನಿನಲ್ಲಿ ಹೇಳಿ, ಚೀಟಿ ಬರೆಸಿದಳು. ‘ಈ ಸಾಲು ಟೈಪ್ ಮಾಡಿ. ಅದು ಇಂಥದ್ದು ಇಲ್ಲ ಅಂತ ಹೆಸರು ಹೇಳಿದರೆ, ಆ ಹೆಸರನ್ನೂ ಹಾಕಿ’ ಎಂದಷ್ಟೇ ಆ ಚೀಟಿಯಲ್ಲಿತ್ತು.

ಬುಧವಾರ ಬೆಳಗ್ಗೆ ಜುಮಾದಿಲ್ ಬಂದ. ಬುರುಲ್ಚಾ ಕಪ್ಪು ಶಾಲು ಸರಿಮಾಡಿಕೊಂಡು ಚಹಾ ಬಗ್ಗಿಸಿದಳು.

“ತಂತಿರಾಯ, ನಿನ್ನಿಂದಾಗತ್ತೇನಪ್ಪಾ? ಇಲ್ದಿದ್ರೆ ಸಾದತ್‌ನ ಕರೀಲಾ?”

ಗಂಡನ ಕಡೆಯವರ ಹೆಸರನ್ನು ಸೊಸೆಯಾದವಳು ಬಾಯಲ್ಲಿ ಹೇಳುವ ಹಾಗಿಲ್ಲ. ಅದಕ್ಕೇ ಅವಳು ಮದುವೆಯಾಗಿ ಬಂದ ವರ್ಷವೇ, ಕಂಬದ ಮೇಲೆ ಕೂತಿದ್ದ ಈ ಮೈದುನನಿಗೆ ತಂತಿರಾಯ ಎಂದು ಹೆಸರಿಟ್ಟಿದ್ದಳು. ಸಾದತ್ ಎಂದರೆ ಜುಮಾದಿಲ್‌ನ ಸ್ವಂತ ತಮ್ಮನ ಹೆಂಡತಿ. ಎರಡು ಮನೆ ಆಚೆಗೇ ಇರುವುದು, ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಜುಮಾದಿಲ್‌ಗೆ ಅವಳು ಹಾಗೆ.

“ಏನತ್ಗೆ ನೀವು! ತಮ್ಮನ ಹೆಂಡ್ತಿ ಹತ್ರ ಹೋಗಿ ಪಾಠ ಹೇಳಿಸ್ಕೊಳ್ಳೋ ಗತಿ ಬಂತಾ ನಂಗೆ? ನಾನು ಈ ಊರಿಗೆ ರೇಡಿಯೊ ಕೇಳ್ಸಿದಾಗ ಅವಳಿನ್ನೂ ಹುಟ್ಟಿರ್ಲಿಲ್ಲ.”

“ಹೌದಪ್ಪ, ಹೌದು. ನೀನೇ ಮಾಡು.”

ಮೊದಲ ಸಾಲು ಹೊಡೆದ. ಪ್ಲೇಯರ್ ತನಗೆ ಇನ್ನೊಂದು ಪ್ರೋಗ್ರಾಮು ಬೇಕೆಂದಿತು. ಅದನ್ನು ತರಿಸಿದರೆ, ಅದಕ್ಕೆ ಮತ್ತೊಂದು ಬೇಕಾಯಿತು. ಮತ್ತೊಂದಕ್ಕೆ ಮಗದೊಂದು. ಇಂಗ್ಲಿಷಿನ ಒಂದಕ್ಷರವೂ ಅರ್ಥವಾಗದಿದ್ದರೂ ಜುಮಾದಿಲ್‌ಗೆ ಇದರ ಗುಟ್ಟು ಹೊಳೆದುಹೋಯಿತು. ಎಷ್ಟು ಖುಷಿಯಾಯಿತೆಂದರೆ ಅತ್ತಿಗೆಗೆ ವಿವರಿಸಲೂ ಕೂತ.

“ನೋಡಿ ಅತ್ಗೆ, ಇದು ನಮ್ಮ ಏಳು ತಲೆಮಾರಿನ ಲೆಕ್ಕ. ಇವನನ್ನ ಒಳಗೆ ಬಿಡ್ಬೇಕಾದ್ರೆ ನಿನ್ನಪ್ಪ ಯಾರು ಅಂತ ಕೇಳತ್ತೆ. ಅವನು ಬಂದ್ರೆ ಅವನಪ್ಪ ಯಾರು ಅಂತ. ಏಳು ಹೆಸರು ಹೇಳಿದ್ರೆ ಸರಿ, ಆಮೇಲೆ ಕೇಳೋರಿಲ್ಲ.”

ಗಂಡುಮಗುವಾಗಿ ಹುಟ್ಟಿದ ಮೇಲೆ ಏಳು ತಲೆಯ ಅಪ್ಪಂದಿರ ಹೆಸರು ಬಾಯಿಪಾಠ ಬರಲೇಬೇಕು. ಬಾರದವನು ಅನಾಥ ಎಂದು ಜುಮಾದಿಲ್‌ನ ತಾತ ಕಿವಿ ಹಿಂಡಿ ಕಲಿಸಿದ್ದ. ಏಳನೆಯ ಹೆಸರು ಹೇಳಿದ ಕೂಡಲೇ ಒಣಮೊಸರಿನ ಉಂಡೆಯೊಂದು ಬಾಯಿಗೆ ಬೀಳುತ್ತಿತ್ತು. ಎಂಟನೆಯವನ ಗೊಡವೆ ಯಾರಿಗೂ ಇಲ್ಲ. ಹಾಗಾಗಿ ಅವನು ಬೆರಳು ಮಡಚುತ್ತಾ ಹೋದ. ನಾಲ್ಕು, ಐದು, ಆರು. ಬುರುಲ್ಚಾ ಒದ್ದೆ ಬಟ್ಟೆ ಹಿಡಿದು ಟೀವಿಯ ಮೇಜು ಒರೆಸುತ್ತಾ ಎಣಿಕೆ ಕೇಳುತ್ತಿದ್ದಳು.

ಏಳನೆಯದಕ್ಕೆ ಕಂಪ್ಯೂಟರ್ ಸುಮ್ಮನೆ ಒಪ್ಪಲಿಲ್ಲ. ಪರದೆಯ ತುಂಬ ಉದ್ದನೆಯ ಪಟ್ಟಿ ಬಂತು. ಕೆಳಗೆ ಒಂದು ಸಾಲು, ಅದನ್ನು ಅಕ್ಷರ ಬಿಡದೆ ಟೈಪ್ ಮಾಡೆಂಬಂತೆ ಮಿಣುಕುವ ಗೆರೆ. ಅಲ್ಲಿದ್ದ ಅರ್ಥ ಇಷ್ಟೇ: ಈ ಹೊಸದನ್ನು ಕೂರಿಸಬೇಕಾದರೆ ಹಳೆಯದನ್ನು ಎಬ್ಬಿಸಬೇಕು, ಅದರ ಮೇಲೆ ನಿಂತಿರುವ ಈ ಪಟ್ಟಿಯ ಪ್ರೋಗ್ರಾಮುಗಳೆಲ್ಲ ಅದರ ಜೊತೆ ಹೋಗುತ್ತವೆ, ಮಾಡುವುದೇನೆಂದು ತಿಳಿದಿದ್ದರೆ ಈ ಮಾತನ್ನು ಬರೆದು ಒಪ್ಪಿಗೆ ಕೊಡು. ಓದು ಬಲ್ಲವರು ಯಾರಾದರೂ ಅಲ್ಲಿಗೇ ಕೈ ಎತ್ತುತ್ತಿದ್ದರು.

“ಏನಂತೆ?” ಬುರುಲ್ಚಾ ಕೇಳಿದಳು.

ಗೊತ್ತಿಲ್ಲ ಎಂಬ ಮಾತು ಇಂಥ ಹೊತ್ತಿಗಾದರೂ ಬರಬೇಕಿತ್ತು.

“ಏಳನೇ ತಲೆ ಸಿಕ್ತಲ್ಲ ಅತ್ಗೆ, ಕೊನೇ ಸಲಾಮು ಕೇಳ್ತಿದೆ” ಎಂದ ಜುಮಾದಿಲ್. ಒಂದೊಂದೇ ಅಕ್ಷರ ಹುಡುಕಿ, ಕೇಳಿದ ಮಾತನ್ನು ಬರೆದು ಒತ್ತಿದ.

ಸಾಲುಗಳು ಜಲಜಲನೆ ಓಡಿದವು. ಚಿತ್ರಗಳು ಹೋದವು, ಬಣ್ಣ ಹೋಯಿತು. ಕಪ್ಪು ಪರದೆಯಲ್ಲಿ ಬಿಳಿಯ ಗೆರೆಯೊಂದು ಮಿಣುಕುತ್ತಾ ಉಳಿಯಿತು. ಏನು ಒತ್ತಿದರೂ ಅಷ್ಟೇ.

“ಅಯ್ಯೋ,” ಬುರುಲ್ಚಾ ಕೈಯಲ್ಲಿದ್ದ ಬಟ್ಟೆ ನೋಡಿಕೊಂಡಳು. “ತಂತಿರಾಯ, ನಾನು ಒರೆಸಿದ್ದಕ್ಕೆ ಹಿಂಗಾಯ್ತಾ?”

ಜುಮಾದಿಲ್ ಆಗ ಸುಳ್ಳು ಹೇಳಲಿಲ್ಲ. ಬರೀ ಒಂದು ಪ್ರಶ್ನೆ ಕೇಳಿದ.

“ಒದ್ದೆ ಬಟ್ಟೆ ಯಾಕೆ ತರೋಕೆ ಹೋದ್ರಿ ಅತ್ಗೆ?”

ಅಷ್ಟೇ. ಅವಳು ಬಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು, ಪೆಟ್ಟು ತಿನ್ನಲಿರುವ ಮಗುವಿನ ಹಾಗೆ. ಅರವತ್ತೊಂಬತ್ತು ವರ್ಷದ ಹೆಂಗಸು.

ಗುರುವಾರ, ಶುಕ್ರವಾರ, ಶನಿವಾರ ಅವನು ಬಂದು ಮುಚ್ಚಳ ಬಿಚ್ಚಿದ, ಊದಿದ, ಮುಚ್ಚಿದ. ಪ್ರತಿದಿನವೂ ಬುರುಲ್ಚಾ ನಡುಕೋಣೆಯ ಹೊಸ್ತಿಲಲ್ಲೇ ನಿಂತು ವಿಚಾರಿಸಿದಳು. ಒಳಗೆ ಕಾಲಿಡಲಿಲ್ಲ. ಮೂರು ದಿನದ ಧೂಳು ಆ ಮೇಜಿನ ಮೇಲೆ ಹಾಗೇ ಕೂತಿತ್ತು. ಅವಳ ಮನೆಯಲ್ಲಿ ಧೂಳು ಎಂದರೆ ಏನೆಂದು ಬಲ್ಲವರಿಗೆ ಮಾತ್ರ ಅದರ ಅರ್ಥ ಆಗುತ್ತಿತ್ತು, ಮತ್ತು ಜುಮಾದಿಲ್ ಬಲ್ಲವನು. ಅವನು ಹೊಸ್ತಿಲ ಕಡೆ ತಿರುಗುತ್ತಿರಲಿಲ್ಲ. ಮನೆಗೆ ಹೋದರೆ ಹೆಂಡತಿ “ಏನ್ರೀ, ಬುರುಲ್ಚಾ ಅಕ್ಕ ನೀರು ಚೆಲ್ಲಿ ಕೆಡಿಸಿಬಿಟ್ರಂತೆ?” ಎಂದಳು. ಬಟ್ಟೆ ಊರೊಳಗೆ ಆಗಲೇ ಬಕೆಟ್ ನೀರಾಗಿತ್ತು. “ಹೂಂ” ಎಂದ.

ಭಾನುವಾರ ಕುರಿ ಕಡಿದು ಹಂಡೆ ಒಲೆಗೇರಿತು. ಕುಲದ ಸೊಸೆಯರೆಲ್ಲ ಹಿಟ್ಟು ನಾದಲು ಸೇರಿದರು. ಅವರಲ್ಲಿ ಸಾದತ್ ಕೂಡ ಇದ್ದಳು. ಕಾಸಿಮಾಲಿಯ ಮಗ ಮೆದೆರ್‌ಬೇಕ್ ನೇರ ಅಡುಗೆಮನೆಗೆ ಹೋಗಿ “ಚಿಕ್ಕಮ್ಮ, ಅಮ್ಮ ಬೆಳಗ್ಗಿಂದ ಅಳ್ತಾ ಇದಾರೆ, ನೀವೊಂದ್ಸಲ ನೋಡಿ” ಎಂದ. ಜುಮಾದಿಲ್ ತಡೆಯಲಿಲ್ಲ. ತಡೆಯಲು ಯಾವ ಮುಖ ಉಳಿದಿತ್ತು?

ಸಾದತ್ ಹಿಟ್ಟಿನ ಕೈ ತೊಳೆದು, ಭಾವನೆದುರು ತಲೆವಸ್ತ್ರ ಹಣೆಗೆಳೆದುಕೊಂಡು ಕೂತಳು. ಎರಡು ಸಾಲು ಹೊಡೆದಳು. ಪರದೆಯ ಮೇಲೆ ಬುಧವಾರದ ತಾರೀಖು ಮೂಡಿತು. ಅದರ ಕೆಳಗೆ ಏಳು ಹೆಸರುಗಳು ವರಸೆಯಾಗಿ, ಕೊನೆಯಲ್ಲಿ ತೆಗೆದುಹಾಕಿದವರ ಉದ್ದನೆಯ ಪಟ್ಟಿ. ಕಂಪ್ಯೂಟರ್ ಎಂಬುದು ತನಗೆ ಯಾರು ಏನು ಹೇಳಿದರೆಂಬುದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ ಎಂದು ಜುಮಾದಿಲ್‌ಗೆ ಅಂದೇ ತಿಳಿದದ್ದು. ಅವನ ಕಿವಿ ಕಾದ ಕಬ್ಬಿಣವಾಯಿತು.

“ಏನಾಗಿದ್ಯಂತೆ?” ಮೆದೆರ್‌ಬೇಕ್ ಕೇಳಿದ. “ನೀರೇ ಒಳಗೆ ಹೋಗಿದ್ಯಾ?”

ಸಾದತ್ ಪರದೆ ನೋಡಿದಳು. ಭಾವನ ಕಡೆ ನೋಡಲಿಲ್ಲ. ಗಂಡನ ಅಣ್ಣನ ಹೆಸರನ್ನೇ ಎತ್ತದವಳು ಅವನ ತಪ್ಪನ್ನು ಎತ್ತಿಯಾಳೆ?

“ಹಾಡುಗಳೆಲ್ಲ ಇದಾವೆ,” ಎಂದಳು. “ಒಂದು ಗಂಟೆ ಟೈಮ್ ಕೊಡಿ. ಹೋದವ್ರನ್ನೆಲ್ಲ ವಾಪಸ್ ಕರೆಸ್ಬೇಕು, ಅಷ್ಟೇ.”

ಮತ್ತೆ ತುಸು ತಗ್ಗಿದ ದನಿಯಲ್ಲಿ, “ಭಾವ, ನೀವು ಊಟಕ್ಕೆ ಕೂತ್ಕೊಳ್ಳಿ” ಎಂದು ಸೇರಿಸಿದಳು. ಅವಳು ಬೈದಿದ್ದರೆ ಅವನಿಗೆ ಇಷ್ಟು ಅವಮಾನವಾಗುತ್ತಿರಲಿಲ್ಲ.

ಪ್ರಾರ್ಥನೆ ಮುಗಿದು ಮೌಲ್ವಿ ಹೋದರು. ಮಾಂಸ ಬಂತು. ನಮ್ಮಲ್ಲಿ ಯಾರ ಮುಂದೆ ಯಾವ ಮೂಳೆ ಇಡುತ್ತಾರೆ ಎಂಬುದರ ಮೇಲೆ ಅವರವರ ಅಂತಸ್ತು. ಅದರಲ್ಲಿ ಎಡವಟ್ಟಾದರೆ ಅಣ್ಣತಮ್ಮಂದಿರು ಹತ್ತು ವರ್ಷ ಮಾತು ಬಿಡುತ್ತಾರೆ. ಮೆದೆರ್‌ಬೇಕ್ ಕುರಿಯ ತಲೆಯನ್ನು ಎಲ್ಲರಿಗಿಂತ ಹಿರಿಯನಾದ ಅಸಾನ್‌ಕೋಜೊ ಮುಂದಿಟ್ಟ. ಆಮೇಲೆ ಎಂಬತ್ತು ದಾಟಿದ ಇಬ್ಬರನ್ನು ಬಿಟ್ಟು, ಹಿರಿಯರಿಗಷ್ಟೇ ಸಲ್ಲುವ ಕೊಬ್ಬಿದ ತೊಡೆಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು ಜುಮಾದಿಲ್‌ನ ಮುಂದಿಟ್ಟ.

“ಚಿಕ್ಕಪ್ಪ ನಾಲ್ಕು ದಿನ ತಮ್ಮ ಕೆಲಸ ಬಿಟ್ಟು ಕೂತಿದ್ರು. ಅಪ್ಪ ಇದ್ದಿದ್ರೂ ಇದನ್ನ ಇವ್ರಿಗೇ ಕೊಡ್ತಿದ್ರು.”

“ಕೊಡು, ಕೊಡು,” ಅಸಾನ್‌ಕೋಜೊ ನಕ್ಕ. “ತಂತಿ ಅಗಿಯೋನಿಗೆ ಮೂಳೆ ಏನ್ ಲೆಕ್ಕ!”

ಹೊಸ್ತಿಲಲ್ಲಿ ನಿಂತಿದ್ದ ಬುರುಲ್ಚಾ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದಳು. “ತಂತಿರಾಯ, ತಪ್ಪು ತಿಳ್ಕೋಬೇಡಪ್ಪ. ನನ್ನ ಹಾಳು ಕೈಯಿಂದ ನಿಂಗೂ ತೊಂದ್ರೆ ಆಯ್ತು.”

ಜುಮಾದಿಲ್ ಚಾಕು ಹಿಡಿದ. ಕೈ ಮುಂದೆ ಹೋಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವನದ್ದು ಅಂಗೈಯಗಲದ ಬಟ್ಟೆಗೆ ಹೋಗಿತ್ತು.

ಅಷ್ಟರಲ್ಲಿ ನಡುಕೋಣೆಯಿಂದ ಸಾದತ್ “ಬಂತು!” ಎಂದಳು. ದೊಡ್ಡ ಸ್ಪೀಕರ್ ಮೊದಲು ಗರಗರ ಎಂದಿತು. ಆ ಗರಗರವನ್ನು ಜುಮಾದಿಲ್ ಗುರುತಿಸಿದ. ಬಾನುಲಿ ಕೇಂದ್ರದ ಹಳೆಯ ಯಂತ್ರದ್ದು, ಮೂವತ್ತು ವರ್ಷಕ್ಕೂ ಹಿಂದಿನದು. ಈ ಟೇಪಿಗೆ ಗುಂಡಿ ಒತ್ತಿದವನು ತಾನೇ ಎಂಬುದು ಅವನಿಗೆ ಮರೆತೇಹೋಗಿತ್ತು. ಕೊಮುಜ್ ಶುರುವಾಯಿತು. ಕೂತವರು ಅಗಿಯುವುದನ್ನು ನಿಲ್ಲಿಸಿದರು. ಬುರುಲ್ಚಾ ಬಾಗಿಲ ಚೌಕಟ್ಟಿಗೆ ಒರಗಿದಳು. ಸ್ವರ ಏರುತ್ತಾ ಏರುತ್ತಾ ಹೋಗಿ, ಇದ್ದಕ್ಕಿದ್ದಂತೆ ಅಪಸ್ವರವಾಗಿ ನಿಂತುಬಿಟ್ಟಿತು. ಸತ್ತವನ ನಗು ಕೇಳಿಸಿತು, ಎಳೆಯ ನಗು.

“ಥೂ, ತಪ್ಪಿದೆ ಕಣೋ ಜುಮಾದಿಲ್. ಅಳಿಸ್ಬೇಡ ಬಿಡು, ನಂದೇ ತಪ್ಪು, ಹಾಗೇ ಇರ್ಲಿ. ಮತ್ತೆ ಮೊದಲಿಂದ ಬಾರಿಸ್ತೀನಿ.”

ಮತ್ತೆ ಮೊದಲಿಂದ ಬಾರಿಸಿದ. ಕಣಿವೆಯಲ್ಲೇ ದೊಡ್ಡ ವಾದ್ಯಗಾರ, ತಪ್ಪೆಂದು ಹೇಳುವುದಕ್ಕೆ ಅವನಿಗೆ ಉಸಿರು ಕಟ್ಟಿರಲಿಲ್ಲ.

ಹಾಡು ಮುಗಿಯುವವರೆಗೆ ಜುಮಾದಿಲ್ ಕಾದ. ಆಮೇಲೆ ಎದ್ದು ನಿಂತ.

“ಅತ್ಗೆ, ಬಟ್ಟೆ ಏನೂ ಮಾಡಿಲ್ಲ. ಅದೇನೋ ಕೇಳ್ತು, ನಂಗೆ ಓದೋಕೆ ಬರ್ಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚ್ಕೆ ಆಯ್ತು. ಒಪ್ಪಿಗೆ ಅಂತ ಹೊಡ್ದುಬಿಟ್ಟೆ. ಕೆಡ್ಸಿದ್ದು ನಾನು. ಕೆಡ್ಸಿದ್ದು ಗೊತ್ತಿದ್ದೂ ನಿಮ್ಮ ಕಡೆ ಬೆರಳು ಮಾಡ್ದೋನೂ ನಾನೇ.”

ಸಾದತ್ ಬಾಗಿಲಲ್ಲಿ ನೆಲ ನೋಡುತ್ತಾ ನಿಂತಿದ್ದಳು. ಅವಳ ಕಡೆ ತಿರುಗಿ, “ಇವಳಿಗೆ ಗೊತ್ತಾಗಿತ್ತು, ನನ್ನ ಮಾನ ಉಳಿಸೋಕೆ ಬಾಯಿ ಮುಚ್ಕೊಂಡ್ಳು” ಎಂದ. ತೊಡೆಮೂಳೆಯನ್ನೆತ್ತಿ ಅಸಾನ್‌ಕೋಜೊ ಮುಂದಿಟ್ಟ.

ಮುದುಕ ಅದನ್ನು ನೋಡಿದ. ನಗಲಿಲ್ಲ. ಎರಡು ಬೆರಳಲ್ಲಿ ಹಿಂದಕ್ಕೆ ತಳ್ಳಿದ.

“ಕೊಟ್ಟ ಮೂಳೆ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿಲ್ಲ. ಕೂತ್ಕೊಂಡು ತಿನ್ನು. ಒಂದು ಚೂರೂ ಬಿಡ್ಬಾರ್ದು.”

ಜುಮಾದಿಲ್ ಕೂತ. ಎಲ್ಲರ ಕಣ್ಣೆದುರು, ತನ್ನದಲ್ಲದ ಮರ್ಯಾದೆಯನ್ನು ತುಂಡುತುಂಡಾಗಿ ಕೊಯ್ದು ಬಾಯಿಗಿಟ್ಟುಕೊಳ್ಳತೊಡಗಿದ. ಅಂಥ ರುಚಿಯ ಮಾಂಸ ಆ ವರ್ಷ ಯಾರ ಮನೆಯಲ್ಲೂ ಬೆಂದಿರಲಿಲ್ಲ, ಅವನು ಮಾತ್ರ ಅದನ್ನು ಕಹಿ ಮದ್ದಿನ ಹಾಗೆ ತಿಂದ.

ಬುರುಲ್ಚಾ ಅಡುಗೆಮನೆಗೆ ಹೋಗಿ ಬಟ್ಟೆಯೊಂದನ್ನು ನೀರಿಗದ್ದಿ, ಹಿಂಡಿ, ಅವನ ಎದುರಿನಿಂದಲೇ ಹಾದು ನಡುಕೋಣೆಯ ಒಳಗೆ ಕಾಲಿಟ್ಟಳು. ನಾಲ್ಕು ದಿನದ ಧೂಳು ಕೂತಿದ್ದ ಆ ಮೇಜನ್ನು, ಗಂಡನ ಕೊಮುಜ್ ಕೇಳುತ್ತಾ, ಮೂಲೆಮೂಲೆಯೂ ಬಿಡದೆ ಒರೆಸಿದಳು.